ಮದ್ದು ಹಾಕಿದವರು

“ಮನೆಯಲ್ಲಿ ಹೆಂಡತಿ ಏನಾದರೂ ಮದ್ದು ಕೊಟ್ಟಿದ್ದಾರಾ?”

ಕರಾವಳಿಯಿಂದ ಕೂಡ್ಲಿಗಿಗೆ ಹೊಸದಾಗಿ ಬಂದಿದ್ದ ಡಾಕ್ಟರು ಇಷ್ಟು ಕೇಳಿದ್ದೇ ತಡ, ರೋಗಿಯ ತಾಯಿ ಕೊಟ್ರಬಸಮ್ಮನವರು ಕುರ್ಚಿ ಬಿಟ್ಟೆದ್ದರು. “ಕೇಳಿದೇನಲೇ ಬೆನಕಪ್ಪಾ! ನಾ ಬಡ್ಕೊಂಡ್ರ ನಂಬಲಿಲ್ಲ. ಈಗ ಡಾಕ್ಟರ ಬಾಯಾಗ ಬಂತು, ಮದ್ದು ಹಾಕ್ಯಾಳ ಅಂತ! ನಾಳೀನ ಈಕಿನ್ನ ತವರಿಗೆ ಬಿಟ್ಟು ಬಾ.”

ಗಂಡನನ್ನು ಕೈವಶ ಮಾಡಿಕೊಳ್ಳಲು ಹೆಂಡತಿ ಅನ್ನದಲ್ಲಿ ಬೆರೆಸುತ್ತಾಳೆಂದು ಜನ ನಂಬುವ ವಸ್ತುವಿಗೆ ಈ ಸೀಮೆಯಲ್ಲಿ ಮದ್ದು ಎಂದು ಹೆಸರು. ತಿಂಗಳುಗಟ್ಟಲೆಯಿಂದ ಮಗನ ಹೊಟ್ಟೆ ನುಲಿಯುತ್ತಿರುವುದಕ್ಕೆ ಅದೇ ಕಾರಣವೆಂದು ಆಕೆ ಎಂದೋ ತೀರ್ಮಾನಿಸಿದ್ದರು. ಬಾಗಿಲ ಬಳಿ ನಿಂತಿದ್ದ ಸೊಸೆ ಪುಷ್ಪಲತಾ ಗಂಡನ ಮುಖ ನೋಡಿದಳು. ಬೆನಕಪ್ಪ ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಬೋಧಿಸುವವರು. ಮೂಢನಂಬಿಕೆಯ ವಿರುದ್ಧ ಅವರು ಮಾಡುವ ಭಾಷಣಕ್ಕೆ ತಾಲ್ಲೂಕಿನಲ್ಲೆಲ್ಲ ಚಪ್ಪಾಳೆ ಬೀಳುತ್ತದೆ. ಆ ಗಳಿಗೆಯಲ್ಲಿ ಮಾತ್ರ ಅವರು ಗೋಡೆಯ ಮೇಲಿನ ಕರುಳಿನ ಚಿತ್ರವನ್ನು ಜನ್ಮದಲ್ಲಿ ಮೊದಲ ಸಲ ಕಂಡವರಂತೆ ನೋಡುತ್ತಿದ್ದರು.

“ಅಯ್ಯೋ, ನಾನು ಕೇಳಿದ್ದು ಔಷಧಿ, ಅಮ್ಮಾ! ನಮ್ಮ ಕಡೆ ಔಷಧಿಗೇ ಮದ್ದು ಅನ್ನುವುದು,” ಎಂದು ಡಾಕ್ಟರು ಗಾಬರಿಯಾದರು. “ಪರೀಕ್ಷೆಯಲ್ಲಿ ಎಲ್ಲ ಸರಿ ಉಂಟು. ರಕ್ತ ಹೋಗುವುದಿಲ್ಲ, ತೂಕ ಇಳಿದಿಲ್ಲ. ಕೆಲವು ದಿನ ಭೇದಿ, ಕೆಲವು ದಿನ ಮಲಬದ್ಧತೆ. ಕಕ್ಕಸಿಗೆ ಹೋಗಿ ಬಂದರೆ ನೋವು ಕಡಿಮೆ. ಇದಕ್ಕೆ ಐಬಿಎಸ್ ಅಂತಾರೆ, ಕರುಳು ಬೇಗ ಕೆರಳುವ ಕಾಯಿಲೆ. ಮಾತ್ರೆ ಬರೆಯುತ್ತೇನೆ. ಆದರೆ ಹೊತ್ತಿಗೆ ಸರಿಯಾಗಿ ಊಟ ಮಾಡಬೇಕು, ಚಹಾ ಕಮ್ಮಿ ಮಾಡಬೇಕು, ಖಾರ, ಕರಿದದ್ದು ಬೇಡ. ಹೊರಗೆ ಏನು ತಿಂತೀರಿ ಮೇಷ್ಟ್ರೇ?”

“ಏನಿಲ್ರಿ, ಮನಿ ಊಟಾನ.”

ಪುಷ್ಪಲತಾ ಮುಂದೆ ಬಂದಳು. “ಯಾವ ಬಾಯಿಲೆ ಹೇಳ್ತೀರಿ? ದಿನಾ ಸಂಜಿಕ ಬಸ್ ಸ್ಟ್ಯಾಂಡಿನಾಗ ಪ್ಲೇಟುಗಟ್ಲೆ ಮಿರ್ಚಿ ಬಜ್ಜಿ, ಅದರ ಮ್ಯಾಲೆ ಚಾ. ಮನ್ಯಾಗ ಉಣ್ಣಾಕ ಕರದ್ರ ಹಸಿವಿಲ್ಲ ಅಂತೀರಿ. ನಿಮ್ಮ ಅಂಗಿ ಒಗಿಯಾಕಿ ನಾನ. ಎಣ್ಣಿ ಕೈ ಎಲ್ಲಿ ಒರಸ್ತೀರಿ ಅಂತ ನನಗ ಗೊತ್ತಿಲ್ಲೇನು?”

ಮೇಷ್ಟ್ರು ತಲೆ ತಗ್ಗಿಸಿದರು. ಕೊಟ್ರಬಸಮ್ಮನವರು ಸೊಸೆಯನ್ನೊಮ್ಮೆ, ಮಗನನ್ನೊಮ್ಮೆ ದಿಟ್ಟಿಸಿದರು. ಅವರ ಮುಖದಲ್ಲಿ ಸತ್ಯ ಕಂಡವರ ಕಳೆ ಮೂಡಿತು.

“ಅಂದ್ರ ನನ್ನ ಸೊಸಿ ಅಲ್ಲ. ಮಿರ್ಚ್ಯಾಗ ಹಾಕ್ಯಾರ! ಆ ಮಿರ್ಚಿ ಕರಿಯಾಕಿ ಯಾರಲೇ?”

“ಅಮ್ಮಾ, ಯಾರೂ ಏನೂ ಹಾಕಿಲ್ಲ ಮಾರಾಯ್ರೆ!” ಡಾಕ್ಟರು ಕೈಮುಗಿದರು.

“ಬ್ಯಾಡ್ರಿ,” ಎಂದಳು ಪುಷ್ಪಲತಾ, ಗಂಡನ ತೋಳು ಹಿಡಿದು. “ಆಕಿ ಹೆಸರು ಹೇಳಬ್ಯಾಡ್ರಿ. ನನ್ನ ಮ್ಯಾಲಿನ ಅಪವಾದ ಪಾಪ ಆಕಿ ಮ್ಯಾಲೆ ಬರ್ತದ.”

ವಿಜ್ಞಾನದ ಮೇಷ್ಟ್ರು ಗಂಟಲು ಸರಿಪಡಿಸಿಕೊಂಡರು. ತರಗತಿಯಲ್ಲಿ ಹಾಜರಿ ಕೂಗುವಷ್ಟು ಸ್ಪಷ್ಟವಾಗಿ ಹೇಳಿದರು:

“ಮೈಲಮ್ಮ.”