ಬೇರಿಲ್ಲದ ನೆರಳು

ಆ ಸೀಮೆಯಲ್ಲಿ ಮರ ಕಡಿದರೂ ಅದರ ನೆರಳು ಬಿದ್ದಲ್ಲೇ ಉಳಿಯುತ್ತಿತ್ತು. ಹಾಗಾಗಿ ಕಾಡಿನ ಪಾಠ ಹೇಳಲು ಬಂದ ಶಾಂಭವಿಯನ್ನು ಪಂಚಾಯ್ತಿ ಅಧ್ಯಕ್ಷೆ ಫಕೀರವ್ವ, ಅಜ್ಜನ ಕಾಲದಲ್ಲಿ ಕಡಿದ ಹುಣಸೆಯ ತಂಪು ನೆರಳಲ್ಲೇ ಚಾಪೆ ಹಾಸಿ ಕೂರಿಸಿದಳು. ಗುಡ್ಡದಲ್ಲಿ ಉಳಿದ ಮರಗಳನ್ನೂ ಮರುದಿನ ಕಡಿಯುವುದೆಂದು ಊರು ತೀರ್ಮಾನಿಸಿತ್ತು.

“ನೆರಳು ಎಲ್ಲೂ ಹೋಗಂಗಿಲ್ರಿ ಅಕ್ಕಾರ. ಮತ್ತ ಮರ ಯಾಕ ಬೇಕು?” ಫಕೀರವ್ವ ತಿಳಿಯುವ ಆಸೆಯಿಂದಲೇ ಕೇಳಿದಳು.

ಶಾಂಭವಿ ಎರಡು ಕೊಡ ನೀರು ತರಿಸಿದಳು. “ಒಂದನ್ನ ಇಲ್ಲೇ ಸುರೀರಿ. ಇನ್ನೊಂದನ್ನ ಆ ಬೇವಿನ ಗಿಡದ ಬುಡಕ್ಕ ಸುರೀರಿ.”

ಬೇವಿನ ಬುಡದಲ್ಲಿ ನೀರು ಸದ್ದಿಲ್ಲದೆ ಇಂಗಿತು. ಹುಣಸೆಯ ನೆರಳಲ್ಲಿ ಮಾತ್ರ ಅದು ಮಣ್ಣನ್ನೂ ಎಳೆದುಕೊಂಡು ಇಳಿಜಾರಿನಲ್ಲಿ ಓಡಿತು. ಫಕೀರವ್ವ ನಂಬಲಾರದೆ ತಾನೇ ಮತ್ತೊಂದು ಕೊಡ ತಂದು ಸುರಿದಳು. ಅದೂ ಓಡಿತು. ಬಗ್ಗಿ ಮಣ್ಣು ಕೆದಕಿ ನೋಡಿದಳು. ಒಂದು ಎಳೆ ಬೇರೂ ಕೈಗೆ ಸಿಗಲಿಲ್ಲ.

“ಗುಡ್ಡದ ಮಳಿ ಎಲ್ಲಾ ಹಿಂಗ ಓಡಿದ್ರ, ನಮ್ಮ ಬಾವಿಗೆ ಏನ್ ಇಳೀತೈತ್ರಿ?”

ಫಕೀರವ್ವ ಕೆಸರಾದ ಕೈಯನ್ನು ಸೆರಗಿಗೆ ಒರೆಸಿಕೊಂಡು ಪಾಠ ಕೇಳಲು ಸೇರಿದ್ದ ಜನರತ್ತ ತಿರುಗಿದಳು.

“ನಾಳೆ ಗುಡ್ಡಕ್ಕ ಕೊಡಲಿ ಬ್ಯಾಡ. ಸಸಿ ತಗೊಂಡು ಹೋಗೂಣು.”