ನಾಲ್ಕು ಖಾನೆಯ ಹಿಮ್ಮೇಳ

“ನಾಕು ಮಂದಿ ಹಿಮ್ಮೇಳ ಈ ಡಬ್ಬ್ಯಾಗ ಕುಂತದ ಕಾಕಾ. ಚಹಾ ಕೇಳಂಗಿಲ್ಲ, ಮುನಸ್ಕೊಳ್ಳಂಗಿಲ್ಲ,” ಅಂದ ಮರಿಲಿಂಗ. ಸುರಪುರದಲ್ಲಿ ಮೈಕು ಬಾಡಿಗೆ ಕೊಡುವ ಹುಡುಗ ಅವನು. ಕರೆಂಟಿನಿಂದ ದನಿ ಹೊರಡಿಸುವ ಸಿಂಥಸೈಜರ್ ಮಾಡುವುದನ್ನು ವಿಡಿಯೋ ನೋಡಿ ಕಲಿತಿದ್ದ. ಡಬ್ಬಿಯ ಮೈತುಂಬ ಬಣ್ಣಬಣ್ಣದ ವೈರು, ಸೇವಿಗೆ ಒಣಹಾಕಿದಂತೆ.

ಭಜನೆಯ ಅಮಾತೆಪ್ಪನಿಗೆ ಬೇಕಾದದ್ದೂ ಅದೇ. ಹಿಮ್ಮೇಳದ ರೇಣಮ್ಮ ನಾಲ್ಕು ಮಂದಿಯ ಎದುರು “ಅಣ್ಣಾ, ವಯಸ್ಸಾತು, ಶ್ರುತಿ ಒಂದ ಪಟ್ಟಿ ಇಳಿಸಿ ಹಾಡ್ರಿ” ಅಂದಿದ್ದಳು. ಅವತ್ತೇ ಆಣೆ ಇಟ್ಟಿದ್ದ: ಇನ್ನು ಆಕೆಯ ದನಿ ಬೆನ್ನಿಗಿಟ್ಟುಕೊಂಡು ಹಾಡಿದರೆ ತಾನು ಅಮಾತೆಪ್ಪನೇ ಅಲ್ಲ. ಇವತ್ತು ಮುದನಾಳದ ಈ ತೊಟ್ಟಿಲ ಕಾರ್ಯದಲ್ಲಿ ಅದನ್ನು ಊರಿಗೇ ತೋರಿಸಬೇಕಿತ್ತು. ರೇಣಮ್ಮನೂ ಬಂದಿದ್ದಳು, ಬೀಗರ ಕಡೆಯಿಂದ. ಎದುರಿನ ಸಾಲಿನಲ್ಲೇ ಕುಳಿತಿದ್ದಳು.

“ಸ್ವರ ಹಚ್ಚಿ ಕಾಲಾಗಿನ ಸ್ವಿಚ್ ತುಳೀರಿ,” ಮರಿಲಿಂಗ ಮತ್ತೊಮ್ಮೆ ಪಾಠ ಒಪ್ಪಿಸಿದ. “ಮೊದಲನೇ ಖಾನಿ ಆ ಸ್ವರ ಹಿಡದು ನುಡಿಸ್ತದ. ಮತ್ತ ತುಳದ್ರ ಹಳೇದು ಎರಡನೇ ಖಾನಿಗೆ ಸರೀತದ, ಹೊಸಾದು ಮೊದಲನೇದ್ರಾಗ ಕುಂದರತದ. ಹಿಂಗ ನಾಕನೇದ್ರ ತನಕ. ಸ್ಯಾಂಪಲ್ ಆಂಡ್ ಹೋಲ್ಡ್ ಅಂತಾರಿದಕ್ಕ. ಮುಂದ ತುಳಿಯೋತನಕ ಕೂದಲೆಳಿಯಷ್ಟೂ ಅಳ್ಳಾಡಂಗಿಲ್ಲ.”

“ಇಂಥಾ ನಿಯತ್ತು ಮನಷ್ಯಾರಾಗ ಎಲ್ಲದ!” ಅಂದ ಅಮಾತೆಪ್ಪ, ರೇಣಮ್ಮನಿಗೆ ಕೇಳುವಷ್ಟು ಜೋರಾಗಿ.

ಮೊದಲನೆಯ ನುಡಿಯಲ್ಲಿ ನಾಲ್ಕು ಸಲ ತುಳಿಯುವಷ್ಟರಲ್ಲಿ ಡಬ್ಬಿ ನಾಲ್ಕು ದನಿಯಲ್ಲಿ ತುಂಬಿ ನಿಂತಿತು. ಮುದುಕರು ತಲೆದೂಗಿದರು. ಎರಡನೆಯ ನುಡಿಯಲ್ಲಿ ಅಮಾತೆಪ್ಪ ದನಿ ಮೇಲೆ ಏರಿಸಿದ. ತುದಿ ಮುಟ್ಟುವ ಮೊದಲೇ ಅದು ಜಾರಿತು. ಸಾಲು ಮುಗಿದೊಡನೆ ಕಾಲು ಕುಟ್ಟುವುದು ಅವನ ಹುಟ್ಟು ರೂಢಿ, ಸ್ವಿಚ್ಚಿನ ಮೇಲೇ ಕುಟ್ಟಿದ. ಡಬ್ಬಿ ಆ ಜಾರಿದ ಸ್ವರವನ್ನು ಹಿಡಿದು ಗಟ್ಟಿಯಾಗಿ ನಿಂತುಬಿಟ್ಟಿತು. ಅವನು ಗಂಟಲು ಸರಿ ಮಾಡಿಕೊಂಡು ಶ್ರುತಿಗೆ ಬಂದ, ಡಬ್ಬಿ ಬರಲಿಲ್ಲ. ಸಿಟ್ಟಿಗೆ ಮತ್ತೆ ತುಳಿದ. ಹಳೆಯ ತಪ್ಪು ಎರಡನೆಯ ಖಾನೆಗೆ ಸರಿಯಿತು, ಸಿಟ್ಟಿನಲ್ಲಿ ಕೆಟ್ಟ ಹೊಸದೊಂದು ಮೊದಲನೆಯದಕ್ಕೆ ಬಂದು ಕುಳಿತಿತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು.

ಅಮಾತೆಪ್ಪ ಮೈಕಿಗೆ ಕೈ ಅಡ್ಡ ಹಿಡಿದ. “ಲೇ, ಜರಾ ಮ್ಯಾಲ ಎತ್ತಂತ ಹೇಳೋ ಅದಕ್ಕ!”

“ಅದು ತಿದ್ದಂಗಿಲ್ರಿ ಕಾಕಾ. ಕೊಟ್ಟದ್ದಷ್ಟ ಹಿಡೀತದ.”

“ಇಷ್ಟ ವರ್ಷ ನಾವು ತಿದ್ದೀವಿ, ನಮಗ ಬೇಸೂರ ಅಂದ್ರಿ,” ಅಂದಳು ರೇಣಮ್ಮ ಎಲೆಗೆ ಸುಣ್ಣ ಹಚ್ಚುತ್ತ. “ಈಗ ನಿಯತ್ತಿಂದು ಸಿಕ್ಕದ, ಅನುಭವಿಸ್ರಿ.”

ಕೂಸು ಎಚ್ಚರಾಗಿ ಅಳತೊಡಗಿತು. ಮರಿಲಿಂಗ ಡಬ್ಬಿಯ ಪ್ಲಗ್ ಕಿತ್ತ. ಅಮಾತೆಪ್ಪ ತೊಲೆ ನೋಡುತ್ತ, ದೊಡ್ಡ ಮನಸ್ಸು ಮಾಡಿದವನಂತೆ, ಯಾರಿಗೂ ಅಲ್ಲವೆಂಬಂತೆ ಕೇಳಿದ: “ಹಾಡು ಅರ್ಧಕ್ಕ ಬಿಡಬಾರದು. ಮುಂದಿನ ನುಡಿ ಯಾರು ಎತ್ತತೀರಿ?”

“ಡಬ್ಬಿಗೇ ಕೇಳ್ರಲ್ಲ,” ಅಂದಳು ರೇಣಮ್ಮ.

ಕೂಸು ಚೀರುತ್ತಲೇ ಇತ್ತು. ಅಮಾತೆಪ್ಪ ಮೆಲ್ಲಗೆ ಮೈಕಿನ ಬಾಯಿಯನ್ನು ಆಕೆಯ ಕಡೆ ತಿರುಗಿಸಿದ. ಸ್ಟ್ಯಾಂಡನ್ನು ಮಾತ್ರ ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡೇ ಕುಳಿತ.