ಉತ್ತರಕ್ಕೆ ಮಲಗಿದ ಈನಾಕ್

ವರ್ಲೀನ್ ಸಮಾಧಿ ಕಲ್ಲಿನ ಬುಡಕ್ಕೆ ಹಾರೆ ತೂರಿಸಿದ್ದೇ ತಡ, ಆಸಿ ಅತ್ತೆ ಹಾರೆಯ ಮೇಲೆ ಕಾಲಿಟ್ಟು ನಿಂತರು.

“ಏನೇ ಇದು? ಸತ್ತೋರ ಮನೆ ಬಾಗಿಲು ಒಡೀತಿದ್ದೀಯ?”

“ನೆಟ್ಟಗೆ ಮಾಡ್ತಿದ್ದೀನಿ ಅತ್ತೆ. ಊರಿನ ಸತ್ತೋರೆಲ್ಲ ಪೂರ್ವಕ್ಕೆ ಕಾಲು ಚಾಚಿದ್ದಾರೆ, ನಮ್ಮ ಮುತ್ತಜ್ಜ ಈನಾಕ್ ಒಬ್ಬನೇ ಉತ್ತರಕ್ಕೆ! ಕುದುರೆ ಕಳ್ಳರನ್ನ ಹಾಗೆ ಹೂಳೋದಂತೆ. ಚರ್ಚಿನಲ್ಲಿ ನನ್ನ ಮಗಳನ್ನ ‘ಅಡ್ಡ ಸಮಾಧಿಯೋಳು’ ಅಂತ ರೇಗಿಸಿದಾರೆ. ಅಳ್ತಾ ಬಂದ್ಳು.”

“ಕಲ್ಲು ತಿರುಗಿಸ್ತೀಯ, ಸರಿ. ಒಳಗಿರೋನನ್ನ ಹೇಗೆ ತಿರುಗಿಸ್ತೀಯ?”

ವರ್ಲೀನ್ ಹಾರೆ ಎಳೆದಳು, ಅತ್ತೆ ಕಾಲು ತೆಗೆಯಲಿಲ್ಲ. ಅಲಬಾಮಾದ ನಮ್ಮ ಕಪ್ಪುಜನರಿಗೆ ಅದು ಸಮಾಧಿ ಸಿಂಗರಿಸುವ ಭಾನುವಾರ. ಸುತ್ತಲೂ ಎಲ್ಲರೂ ಒಂದು ಹುಲ್ಲೆಸಳೂ ಉಳಿಯದಂತೆ ಮಣ್ಣು ಹೆರೆದು ಗುಡಿಸುತ್ತಿದ್ದರು. ಸತ್ತವರೆಲ್ಲ ಎದ್ದೇಳುವ ಕೊನೆಯ ದಿನ ಕ್ರಿಸ್ತ ಬರುವುದು ಸೂರ್ಯ ಮೂಡುವ ಕಡೆಯಿಂದ. ಎದ್ದವರಿಗೆ ಎದುರಿಗೇ ಕಾಣಬೇಕು. ಅಂಥ ಹೊತ್ತಿನಲ್ಲಿ ಬೇರೆ ಕಡೆ ಮುಖ ಮಾಡುವವನು ಕಳ್ಳನೇ ಎಂದು ಊರು ತೀರ್ಮಾನಿಸಿಬಿಟ್ಟಿತ್ತು. ಊರಿಗೇನು, ನಾಲಿಗೆಗೆ ಮೂಳೆ ಇದೆಯೆ?

“ಹಾಗೇ ಹೂಳಿ ಅಂತ ಅವನೇ ಕೇಳಿಕೊಂಡಿದ್ದು ಕಣೇ. ನಮ್ಮಪ್ಪ ಹೇಳ್ತಿದ್ದ. ಉತ್ತರಕ್ಕೆ ಏನಿದೆ, ನೋಡು,” ಎಂದರು ಅತ್ತೆ.

“ಬಿಳಿಯರ ಸಮಾಧಿಗಳು. ಮುಂಚೆ ನಡುವೆ ಬೇಲಿ ಇತ್ತಲ್ಲ.”

“ಅಲ್ಲೇ ಇದ್ದಾಳೆ ಅವನ ಹೆಂಡತಿ.”

“ಅವಳು ಅಲ್ಲಿಗೆ ಹೇಗೆ ಹೋದಳು?”

“ಬಿಳಿ ಯಜಮಾನರ ಮನೆ ಮಕ್ಕಳನ್ನ ಸಾಕಿದೋಳು. ಸತ್ತ ಮೇಲೂ ನಮ್ಮ ಹತ್ತಿರವೇ ಇರಲಿ ಅಂತ ಅವರೇ ಮಣ್ಣು ಮಾಡಿಬಿಟ್ಟರು. ಗಂಡನನ್ನ ಯಾರೂ ಕೇಳಲಿಲ್ಲ. ‘ಎದ್ದ ಕೂಡಲೇ ನಾನು ಅವಳನ್ನ ನೋಡ್ಬೇಕು, ಕ್ರಿಸ್ತ ಒಂದು ಗಳಿಗೆ ಕಾಯಲಿ’ ಅಂದನಂತೆ.”

ವರ್ಲೀನ್ ಹಾರೆ ಅಲ್ಲೇ ಬಿಟ್ಟು ಆ ಕಡೆಗೆ ನಡೆದಳು. ದೊಡ್ಡ ದೊಡ್ಡ ಅಮೃತಶಿಲೆಗಳನ್ನು ದಾಟಿ ಹುಡುಕಿದಳು. ಯಜಮಾನರ ಕಾಲ ಬುಡದಲ್ಲಿ ಒಂದು ಪುಟ್ಟ ಕಲ್ಲು ಸಿಕ್ಕಿತು. ‘ಟಿಲ್ಲಿ. ನಮ್ಮವಳು’ ಎಂದಷ್ಟೇ ಕೆತ್ತಿತ್ತು. ಅವಳಿಗೆ ಮೈಯೆಲ್ಲ ಉರಿಯಿತು. ದಡದಡ ಹಿಂತಿರುಗಿ ಬಂದಳು.

“ಗಂಡನ ಹೆಸರಿಲ್ಲ, ಮನೆತನದ ಹೆಸರಿಲ್ಲ. ಬರೀ ಟಿಲ್ಲಿ!”

“ಅದೂ ಅವಳ ಹೆಸರಲ್ಲ. ಕೂಗೋಕೆ ಸುಲಭ ಅಂತ ಅವರಿಟ್ಟಿದ್ದು.”

“ಮತ್ತೆ ನಿಜವಾದ ಹೆಸರೇನು ಅತ್ತೆ?”

ಅತ್ತೆ ಬಗ್ಗಿ ಮುತ್ತಜ್ಜನ ಕಲ್ಲಿಗೆ ಅಂಟಿದ್ದ ಮಣ್ಣನ್ನು ಅಂಗೈಯಿಂದ ಒರೆಸಿದರು.

“ಈನಾಕ್‌ಗೆ ಗೊತ್ತು. ಕೊನೇ ದಿನ ಎದ್ದು ಅವಳನ್ನ ಕರೀತಾನಲ್ಲ, ಆಗ ಕೇಳಿಸ್ಕೊ.”